ಕೊಕ್ಕರೆ ಟೀಮಿನ ಪಂಚಾಕ್ಷರಿ

ಕಥೆಗಳಲ್ಲಿ ಬರುವ ರಾಜಕುಮಾರರು ಕಷ್ಟಕ್ಕೆ ಸಿಕ್ಕುವುದು, ಉತ್ತರ ದಿಕ್ಕಿಗೆ ಮಾತ್ರ ಹೋಗಬೇಡವೆಂದು ಹಿರಿಯರು ಹೇಳಿದರೂ ಅತ್ತಲೇ ಕುದುರೆ ತಿರುಗಿಸಿ. ಪರ್ತ್ ಶಹರದ ಕ್ಯಾನಿಂಗ್ ವೇಲ್ ನಿವಾಸಿ, ಮೈಸೂರು ಮೂಲದ ಪಂಚಾಕ್ಷರಿಯವರ ಬಳಿ ಕುದುರೆ ಇರಲಿಲ್ಲ. ಬೆಳ್ಳಿ ಬಣ್ಣದ ಒಂದು ಹಳೆಯ ಕಾರಿತ್ತು. ಅವರು ಕಷ್ಟಕ್ಕೆ ಸಿಕ್ಕಿದ್ದು ಒಂದು ಹಾಳೆಯ ಮೇಲೆ ಹೆಸರು ಬರೆಯಲು ಮನಸ್ಸಾಗದೆ.

ಅವರ ಕಂಪನಿ ಗಣಿಗಳಿಗೆ ಕನ್ವೇಯರ್ ಬೆಲ್ಟ್ ಮಾಡಿಕೊಡುತ್ತಿತ್ತು. ಆ ದೇಶದ ಆಫೀಸುಗಳಲ್ಲಿ ಪ್ರತಿ ಮಾರ್ಚ್ ತಿಂಗಳೂ ಒಂದು ಹಾಳೆ ಮೇಜಿಂದ ಮೇಜಿಗೆ ಸುತ್ತುತ್ತದೆ. ಅವರ ‘ಫುಟಿ’, ಅಂದರೆ ಮೊಟ್ಟೆಯಾಕಾರದ ಚೆಂಡಿನ ಆಟದಲ್ಲಿ, ವಾರವಾರವೂ ಯಾರು ಗೆಲ್ಲುತ್ತಾರೆಂದು ಊಹಿಸುವ ಸ್ಪರ್ಧೆ ಅದು. ಎಲ್ಲರಿಗಿಂತ ಕೊನೆಗೆ ಬಂದವರಿಗೆ ಚಪ್ಪಾಳೆಯೊಡನೆ ಒಂದು ಮರದ ಸೌಟು ಕೊಡುವುದು ಅಲ್ಲಿನ ಸಂಪ್ರದಾಯ. ಪಂಚಾಕ್ಷರಿಯವರಿಗೆ ಮೂರು ವರ್ಷಗಳಲ್ಲಿ ಮೂರು ಸೌಟು ಬಂದಿದ್ದವು. ನಾನ್‌ಸ್ಟಿಕ್ ಬಾಣಲೆಗೆ ಮರದ ಸೌಟೇ ಸರಿಯೆಂದು ಹೆಂಡತಿ ಇಂದುಮತಿ ಅವನ್ನು ಸಂತೋಷವಾಗಿಯೇ ಬಳಸುತ್ತಿದ್ದಳು. ಆದರೆ ಉಪ್ಪಿಟ್ಟು ಕೆದಕುವಾಗಲೆಲ್ಲ ಗಂಡನ ಮುಖ ಸಪ್ಪಗಾಗುತ್ತಿತ್ತು.

ಹೀಗಾಗಿ ಎರಡು ಸಾವಿರದ ಹದಿನಾರರ ಮಾರ್ಚ್‌ನಲ್ಲಿ ಮ್ಯಾನೇಜರ್ ಕ್ರೇಗ್ ಹಾಳೆ ಹಿಡಿದು ಬಂದಾಗ ಪಂಚಾಕ್ಷರಿಯವರು ಎದೆ ಸೆಟೆಸಿದರು.

“ಕ್ಷಮಿಸು ಕ್ರೇಗ್. ನಾನು ಫುಟಿ ನೋಡೋದು ಬಿಟ್ಟಿದೀನಿ. ಈಗ ನಾನು ನೋಡೋದು ನಿಜವಾದ ಫುಟ್‌ಬಾಲ್. ಅದರಲ್ಲೂ ಚೀನಾದ ಲೀಗು.”

ಚೀನಾ ಎಲ್ಲಿಂದ ಬಂತು? ಎದುರು ಗೋಡೆಯ ಮೇಲೆ ಚೀನಾದ ಗಿರಾಕಿ ಕಂಪನಿಯವರು ಕಳಿಸಿದ್ದ, ಕೆಂಪು ಕೊಕ್ಕರೆಯ ಚಿತ್ರವಿದ್ದ ಕ್ಯಾಲೆಂಡರ್ ತೂಗುತ್ತಿತ್ತು. ಅಲ್ಲಿ ಒಂಟೆಯ ಚಿತ್ರ ಇದ್ದಿದ್ದರೆ ಅರೇಬಿಯಾ ಎಂದುಬಿಡುತ್ತಿದ್ದರು.

ಕ್ರೇಗ್ ಹಾಳೆ ಕೆಳಗಿಟ್ಟ. ಪಂಚಾಕ್ಷರಿಯವರನ್ನು ಮೊದಲ ಸಲ ನೋಡುವವನಂತೆ ನೋಡಿದ.

“ಪಂಚಾ, ಮೇಟ್, ನೀನು ದೇವರು ಕಳಿಸಿದವನು! ಆ ಕ್ಯಾಲೆಂಡರ್ ಕಂಪನಿಯ ಛೇರ್ಮನ್‌ಗೆ ಸ್ವಂತ ಫುಟ್‌ಬಾಲ್ ಟೀಮಿದೆ. ರೆಡ್ ಕ್ರೇನ್ಸ್! ಎರಡನೇ ದರ್ಜೆ ಲೀಗಿನಲ್ಲಿ ಆಡ್ತಾರೆ. ನಮ್ಮ ಕಾಂಟ್ರಾಕ್ಟ್‌ಗೆ ಸಹಿ ಹಾಕೋ ಮಿಸ್ಟರ್ ವೇ ಇದ್ದಾನಲ್ಲ, ಅವನಿಗೂ ಅದೇ ಹುಚ್ಚು. ನೀನು ಪ್ರತಿ ಸೋಮವಾರ ಅವನಿಗೊಂದು ಮೇಲ್ ಬರಿ. ಮ್ಯಾಚ್ ಬಗ್ಗೆ. ಆತ್ಮೀಯವಾಗಿ.” ಆಮೇಲೆ ದನಿ ತಗ್ಗಿಸಿದ. “ಗಣಿಗಳ ವ್ಯಾಪಾರ ಬಿದ್ದಿರೋದು ನಿನಗೇ ಗೊತ್ತು. ಕ್ರಿಸ್‌ಮಸ್ ಒಳಗೆ ನಿನ್ನ ವಿಭಾಗದಿಂದ ಆರು ಜನರನ್ನ ಕಳಿಸಬೇಕು ಅಂತ ಮೇಲಿನವರ ಮಾತು. ವೇ ಕಾಂಟ್ರಾಕ್ಟ್ ಮುಂದುವರಿಸಿದರೆ ಯಾರೂ ಹೋಗಬೇಕಾಗಿಲ್ಲ.”

ಆ ವಿಭಾಗದಲ್ಲಿ ಪಂಚಾಕ್ಷರಿಯವರೂ ಸೇರಿ ಇದ್ದದ್ದೇ ಆರು ಜನ.

*

ಒಂದು ವಿಷಯದಲ್ಲಿ ದೇವರು ಅವರ ಕೈ ಬಿಟ್ಟಿರಲಿಲ್ಲ. ಪರ್ತ್‌ಗೂ ಚೀನಾಕ್ಕೂ ಗಡಿಯಾರ ಒಂದೇ. ಅಲ್ಲಿ ಸಂಜೆ ಏಳೂವರೆಗೆ ಆಟ ಶುರುವಾದರೆ ಇಲ್ಲೂ ಏಳೂವರೆಯೇ. ಮೊದಲ ಶನಿವಾರ ಪಂಚಾಕ್ಷರಿಯವರು ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ಹೇಗೋ ಒಂದು ಚೀನೀ ವೆಬ್‌ಸೈಟ್ ಹಿಡಿದರು. ಚಿತ್ರ ಮಂಜು ಮುಸುಕಿದ ಕಿಟಕಿಯಿಂದ ಕಂಡಂತಿತ್ತು. ಅಕ್ಷರವೆಲ್ಲ ಚೀನೀ. ಮುಖಗಳು ಕಾಣುತ್ತಿರಲಿಲ್ಲ, ಕಾಣುತ್ತಿದ್ದದ್ದು ಅಂಗಿಯ ಬಣ್ಣ ಮತ್ತು ಬೆನ್ನಿನ ನಂಬರು.

“ಇದರಲ್ಲಿ ನಮ್ಮೋರು ಯಾರು ರೀ?” ಇಂದುಮತಿ ಕೇಳಿದಳು.

“ಕೆಂಪು ಕೊಕ್ಕರೆ ಅಂದ್ಮೇಲೆ ಕೆಂಪಂಗಿಯವರೇ ತಾನೆ? ಅಷ್ಟೂ ಗೊತ್ತಾಗಲ್ವಾ?”

ಎಂಟನೆಯ ನಿಮಿಷಕ್ಕೆ ಕೆಂಪಂಗಿಯ ಏಳನೇ ನಂಬರಿನವನು ಗೋಲು ಹೊಡೆದ. ಪಂಚಾಕ್ಷರಿಯವರಿಗೆ ಏನಾಯಿತೋ, ಜನ್ಮದಲ್ಲಿ ಮೊದಲ ಸಲ ಸೋಫಾದ ಮೇಲೆ ನಿಂತು ಕಿರುಚಿದರು. ಎರಡು ನಿಮಿಷದಲ್ಲಿ ಕರೆಗಂಟೆ ಬಡಿಯಿತು. ಬಾಗಿಲಲ್ಲಿ ಪಕ್ಕದ ಮನೆಯ ಕ್ಯಾಸಿಮಿರ್. ಹಿಂದೆ ಅವನ ಹೆಂಡತಿ ಡೋರಿಸ್, ಕೈಯಲ್ಲಿ ಒಂದು ತಟ್ಟೆ ಕೇಕು. ಇಬ್ಬರೂ ಮಂಗಳೂರಿನವರು, ಇಪ್ಪತ್ತು ವರ್ಷ ಕುವೈತ್‌ನಲ್ಲಿದ್ದು ಇಲ್ಲಿಗೆ ಬಂದಿದ್ದರು.

“ಎಂತ ಆಯ್ತು ಮಾರಾಯ್ರೆ? ಡೋರಿಸ್ ಹೆದರಿದ್ದಾಳೆ. ಗಂಡ ಹೆಂಡತಿ ಅಂದ ಮೇಲೆ ಮಾತು ಬರುವುದು ಉಂಟು, ಆದರೆ ಈ ನಮೂನೆ ಬೊಬ್ಬೆ...”

“ಜಗಳ ಅಲ್ಲ ಕ್ಯಾಸಿಮಿರ್. ಗೋಲು!”

ಕ್ಯಾಸಿಮಿರ್ ಟಿವಿಯನ್ನೂ ಸೋಫಾದ ಮೇಲಿನ ಹೆಜ್ಜೆ ಗುರುತನ್ನೂ ನೋಡಿ, ತಂದ ಕೇಕು ವಾಪಸು ಒಯ್ಯುವುದು ಚೆನ್ನಾಗಿರುವುದಿಲ್ಲವೆಂದು ಕುಳಿತುಕೊಂಡ. ಅಂದಿನಿಂದ ಪ್ರತಿ ಶನಿವಾರ ಅವನಿಗೆ ಅಲ್ಲೊಂದು ಜಾಗ ಖಾಯಂ ಆಯಿತು. “ನನಗೆ ಆಟ ಗೊತ್ತಿಲ್ಲ. ನೀವು ಯಾರಿಗೆ ಚಪ್ಪಾಳೆ ತಟ್ಟುತ್ತೀರೋ ನಾನೂ ಅವರಿಗೇ,” ಎಂದು ಮೊದಲೇ ಹೇಳಿಬಿಟ್ಟ.

ಸೋಮವಾರದ ಮೇಲ್‌ಗಳೂ ಶುರುವಾದವು. ಆಟಗಾರರ ಹೆಸರು ಓದಲು ಬಾರದ್ದರಿಂದ ಪಂಚಾಕ್ಷರಿಯವರು ‘ಕೆಂಪಂಗಿಯವರು’, ‘ನೀಲಿಯಂಗಿಯವರು’ ಎಂದೇ ಬರೆದರು. ಎಷ್ಟು ಗೋಲೆಂದು ಬರೆಯಲಿಲ್ಲ. ಗೊತ್ತಿರುವವರಿಗೆ ಗೊತ್ತಿರುವುದನ್ನು ಹೇಳುವುದು ಮರ್ಯಾದೆಯಲ್ಲ. ಬದಲಿಗೆ, ‘ಕೆಂಪಂಗಿಯ ಎಡಗಡೆಯ ಹುಡುಗ ಸೀರೆಗೆ ಅಂಚು ಹೊಲಿದಂತೆ ಗೆರೆಯುದ್ದಕ್ಕೂ ಓಡಿದ’, ‘ಬಿಳಿಯಂಗಿಯವರ ಬಲಗಡೆಯೆಂದರೆ ಬಾಗಿಲು ಹಾಕುವುದನ್ನು ಮರೆತ ಮನೆ’ ಎಂಬಂಥ ಸಾಲುಗಳನ್ನು ಇಂಗ್ಲಿಷಿನಲ್ಲಿ ಹೆಣೆದರು. ಮಿಸ್ಟರ್ ವೇ ಅವರಿಂದ ಪ್ರತಿ ಮಂಗಳವಾರ ಒಂದೇ ಸಾಲಿನ ಉತ್ತರ ಬರುತ್ತಿತ್ತು: ‘ಬಹಳ ಆಳವಾದ ಮಾತು. ದಯವಿಟ್ಟು ಮುಂದುವರಿಸಿ.’

ಮೇ ಹೊತ್ತಿಗೆ ಪಂಚಾಕ್ಷರಿಯವರಿಗೆ ಇದು ನೌಕರಿಯ ಕೆಲಸವೆನ್ನುವುದು ಮರೆತುಹೋಗಿತ್ತು. ಕೊಕ್ಕರೆ ಟೀಮು ಅವರ ಮನೆಯ ಸದಸ್ಯನಾಗಿತ್ತು. ಏಳನೇ ನಂಬರಿನ ಹುಡುಗನಿಗೆ ಕಾಲು ಉಳುಕಿದ ವಾರ ಇಂದುಮತಿಯ ತಿಳಿಸಾರು ಕೂಡ ರುಚಿಸಲಿಲ್ಲ. ಆ ಹುಡುಗನಲ್ಲಿ ಒಂದೇ ಒಂದು ವಿಚಿತ್ರವಿತ್ತು. ಒಂದು ವಾರ ಭುಜದವರೆಗೆ ಕೂದಲು, ಮರುವಾರ ಬೋಳು ತಲೆ, ಅದರ ಮರುವಾರ ಮತ್ತೆ ಭುಜದವರೆಗೆ ಕೂದಲು.

“ಮುಡಿ ಕೊಟ್ಟಿರ್ಬೇಕು. ಹರಕೆ ಇತ್ತೇನೋ,” ಎಂದಳು ಇಂದುಮತಿ.

“ಕೊಟ್ಟ ಮುಡಿ ಒಂದೇ ವಾರಕ್ಕೆ ಬರುತ್ತೇನೇ?”

“ಅವರ ಕಡೆ ಎಣ್ಣೆ ಚೆನ್ನಾಗಿರುತ್ತೆ ರೀ.”

ಕ್ಯಾಸಿಮಿರ್ ತನ್ನ ನೆತ್ತಿ ಸವರಿಕೊಂಡು, ಆ ಎಣ್ಣೆಯ ಹೆಸರು ಮಿಸ್ಟರ್ ವೇ ಅವರನ್ನು ಕೇಳಲು ಆಗುತ್ತದೆಯೇ ಎಂದು ವಿಚಾರಿಸಿದ.

*

ಇಂದುಮತಿ ಇದನ್ನೆಲ್ಲ ಬ್ರಿಸ್ಬೇನಿನಲ್ಲಿದ್ದ ತಮ್ಮ ಚಂದ್ರಮೌಳಿಗೆ ಫೋನಿನಲ್ಲಿ ಹೇಳಿದಳು. ಅವಳು ಹೇಳಿದ್ದು, “ನಿಮ್ಮ ಭಾವ ಚೀನಾದವರಿಗೆ ವಾರವಾರ ಮ್ಯಾಚ್ ಬಗ್ಗೆ ಬರ್ದು ಕಳಿಸ್ತಾರೆ ಕಣೋ” ಎಂದಷ್ಟೇ. ಮಾತು ನಾಲ್ಕು ಸಾವಿರ ಕಿಲೋಮೀಟರ್ ದಾಟುವಾಗ ಕೊಂಚ ಊದಿಕೊಂಡಿತು. ಸೆಪ್ಟೆಂಬರಿನ ಗಣೇಶನ ಹಬ್ಬಕ್ಕೆಂದು ಗಂಡ ಹೆಂಡತಿ ನಾರ್ತ್ ಲೇಕ್ಸ್‌ನಲ್ಲಿದ್ದ ಚಂದ್ರಮೌಳಿಯ ಮನೆಯಲ್ಲಿ ಕಾಲಿಟ್ಟಾಗ, ಹಾಲಿನ ತುಂಬ ಜನ ಎದ್ದು ನಿಂತರು.

“ಬನ್ನಿ ಭಾವ! ಇವರೇ ನಮ್ಮ ಭಾವ, ಚೀನಾ ಫುಟ್‌ಬಾಲ್‌ಗೆ ಅಡ್ವೈಸರು!” ಎಂದು ಚಂದ್ರಮೌಳಿ ಘೋಷಿಸಿದ.

ಪಂಚಾಕ್ಷರಿಯವರು ಅಲ್ಲಗಳೆಯಲು ಬಾಯಿ ತೆರೆದರು. ಯಾರೋ ಅದಕ್ಕೊಂದು ಕಡುಬು ತುರುಕಿದರು. ನುಂಗುವಷ್ಟರಲ್ಲಿ ಹೊತ್ತು ಮೀರಿತ್ತು.

“ಅಂಕಲ್, ನಮ್ಮ ಉತ್ತಮ್ ಚೆನ್ನಾಗಿ ಓಡ್ತಾನೆ. ಚೀನಾದಲ್ಲಿ ಸೇರಿಸಬಹುದಾ?”

“ಸಾರ್, ಚೀನಾದಲ್ಲಿ ಫುಟ್‌ಬಾಲ್ ಆಡಿದ್ರೆ ಅಲ್ಲೇ ಖಾಯಂ ಇರೋಕೆ ಪಿ.ಆರ್. ಸಿಗುತ್ತಾ? ಎಷ್ಟು ಪಾಯಿಂಟು?”

“ಇಲ್ಲಿ ಇನ್ನೂ ನಿಮ್ಮದೇ ಪಿ.ಆರ್. ಬಂದಿಲ್ಲ, ಸುಮ್ನಿರ್ರೀ,” ಎಂದು ಪ್ರಶ್ನೆ ಕೇಳಿದವರ ಹೆಂಡತಿ ಕಿವಿಯ ಬಳಿ ಹೇಳಿದರು; ಎಲ್ಲರಿಗೂ ಕೇಳಿಸಿತು.

ಆ ದಿನ ಚೀನಾದಲ್ಲಿ ಮಧ್ಯಾಹ್ನದ ಆಟ. ಬ್ರಿಸ್ಬೇನಿನ ಗಡಿಯಾರ ಎರಡು ಗಂಟೆ ಮುಂದಿರುವುದರಿಂದ ಇಲ್ಲಿ ಸಂಜೆ ಐದೂವರೆ. ಮಂಗಳಾರತಿ ಮುಗಿದದ್ದೇ ಚಂದ್ರಮೌಳಿ ಗೋಡೆಯಗಲದ ಟಿವಿ ಹಾಕಿದ. ಗಣಪತಿ ಒಂದು ಮೂಲೆಯಲ್ಲಿ, ಚೀನಾ ಎದುರು ಮೂಲೆಯಲ್ಲಿ, ನಡುವೆ ಪುಳಿಯೋಗರೆ ತಟ್ಟೆ ಹಿಡಿದ ಮೂವತ್ತು ಜನ. ಪಂಚಾಕ್ಷರಿಯವರು ಕುರ್ಚಿಯ ಮೇಲೆ ಕುಳಿತು ವಿವರಣೆ ಕೊಟ್ಟರು. ಬೋಳು ತಲೆಯ ಏಳನೇ ನಂಬರಿನವನು ಗೋಲು ಹೊಡೆದಾಗ ಅವರು ಹಾರಿದರು. ಅವರು ಹಾರಿದರೆಂದು ಮೂವತ್ತು ಜನರೂ ಹಾರಿದರು. ಪುಳಿಯೋಗರೆಯ ಕಡಲೆಕಾಯಿ ಬೀಜಗಳು ಕಾರ್ಪೆಟ್ಟಿನ ಪಾಲಾದವು.

ಹಾರದೆ ನಿಂತಿದ್ದವಳು ಒಬ್ಬಳೇ. ಅದೇ ಊರಿನ ಟೂವಾಂಗ್‌ನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ಕವನಾ. ವಾರಾಂತ್ಯದಲ್ಲಿ ಅಲ್ಲಿನ ಹೆಣ್ಣುಮಕ್ಕಳ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿ ಸೀಟಿ ಊದುವವಳು. ಪಂಚಾಕ್ಷರಿಯವರು ಕೈ ತೊಳೆಯಲು ಹೋದಾಗ ಅವಳು ಹಿಂದೆಯೇ ಬಂದಳು.

“ಅಂಕಲ್, ಒಂದ್ ಮಾತು. ತಪ್ಪು ತಿಳ್ಕೋಬೇಡಿ. ನಿಮ್ಮ ಟೀಮು ರೆಡ್ ಕ್ರೇನ್ಸ್ ತಾನೆ?”

“ಹೌದಮ್ಮ.”

“ಮತ್ತೆ ಅವರಿಗೆ ಗೋಲ್ ಬಿದ್ರೆ ನೀವ್ಯಾಕೆ ಚಪ್ಪಾಳೆ ತಟ್ಟಿದ್ರಿ?”

ಪಂಚಾಕ್ಷರಿಯವರು ನಕ್ಕರು. “ಬಿದ್ದದ್ದಲ್ಲಮ್ಮ, ಹೊಡೆದದ್ದು. ಕೆಂಪಂಗಿ ನೋಡ್ಲಿಲ್ವಾ?”

“ಅಂಕಲ್, ಇವತ್ತು ಮ್ಯಾಚ್ ನಡೀತಿರೋದು ಬೇರೆಯವರ ಊರಲ್ಲಿ. ಆ ಊರಿನೋರ ಅಂಗಿಯೂ ಕೆಂಪೇ. ಎರಡೂ ಕೆಂಪಾದ್ರೆ ರೆಫರಿಗೆ ಗೊತ್ತಾಗಲ್ಲ ಅಂತ ಹೊರಗಿಂದ ಬಂದವರು ಬೇರೆ ಬಣ್ಣ ಹಾಕ್ತಾರೆ. ಇವತ್ತು ನಿಮ್ಮೋರು ಬಿಳಿ. ಎದೆ ಮೇಲೆ ಕೊಕ್ಕರೆ ಇದ್ಯಲ್ಲ, ದೊಡ್ಡ ಟಿವೀಲಿ ಚೆನ್ನಾಗಿ ಕಾಣ್ಸುತ್ತೆ.”

ಪಂಚಾಕ್ಷರಿಯವರು ಅಲ್ಲೇ ಇದ್ದ ಸೋನಾ ಮಸೂರಿ ಅಕ್ಕಿ ಚೀಲದ ಮೇಲೆ ಮೆಲ್ಲನೆ ಕುಳಿತರು. ಕ್ರಿಕೆಟ್ ನೋಡಿ ಬೆಳೆದ ಜೀವ ಅದು. ಭಾರತದವರು ಯಾವ ದೇಶಕ್ಕೆ ಹೋದರೂ ನೀಲಿಯೇ. ಊರು ಬಿಟ್ಟ ಮಾತ್ರಕ್ಕೆ ಒಂದು ಟೀಮು ಬಟ್ಟೆ ಬದಲಿಸುತ್ತದೆಂದು ಯಾರು ಊಹಿಸಿಯಾರು? ಬೆರಳು ಮಡಿಚಿ ಎಣಿಸಿದರು. ಬೋಳು ತಲೆಯ ವಾರಗಳು, ದಪ್ಪ ಮೈಯ ವಾರ, ಎಡಗಾಲಲ್ಲಿ ಒದ್ದ ವಾರ... ಇವತ್ತಿನದೂ ಸೇರಿ ಏಳು. ಅಂದರೆ ಆರು ಮೇಲ್‌ಗಳಲ್ಲಿ ಅವರು ಕೊಕ್ಕರೆ ಟೀಮನ್ನು ಹೊಡೆದವರನ್ನು ಹೊಗಳಿದ್ದರು. ಬಾಗಿಲು ಹಾಕುವುದನ್ನು ಮರೆತ ಮನೆ ಎಂದು ಆಡಿಕೊಂಡದ್ದು ಸ್ವತಃ ಛೇರ್ಮನ್ನರ ಟೀಮನ್ನು!

“ಯಾರಿಗೂ ಹೇಳಲ್ಲ ಅಂಕಲ್,” ಎಂದಳು ಕವನಾ ಮೃದುವಾಗಿ. “ಎದ್ದೇಳಿ, ಆ ಚೀಲ ಹರಿದಿದೆ.”

ಹಾಲಿನಲ್ಲಿ ಬಿಳಿಯಂಗಿಯವರ ಮೇಲೆ ಎರಡನೇ ಗೋಲು ಬಿತ್ತು. ಮೂವತ್ತು ಜನ “ಭಾವಾ! ಗೆದ್ವಿ!” ಎಂದು ಕೂಗಿದರು. ಪಂಚಾಕ್ಷರಿಯವರು ಒಳಬಂದು, ನಗುಮುಖದಿಂದ ಚಪ್ಪಾಳೆ ತಟ್ಟಿದರು. ಅವರ ಜೀವಮಾನದಲ್ಲಿ ಅಂಥ ಕಷ್ಟದ ಚಪ್ಪಾಳೆ ಇನ್ನೊಂದಿರಲಿಲ್ಲ.

*

ಪರ್ತ್‌ಗೆ ಮರಳಿ ಪಂಚಾಕ್ಷರಿಯವರು ಮಿಸ್ಟರ್ ವೇ ಅವರ ಹಳೆಯ ಉತ್ತರಗಳನ್ನು ಮತ್ತೆ ಓದಿದರು. ‘ಬಹಳ ಆಳವಾದ ಮಾತು.’ ಈಗ ಅದರಲ್ಲಿ ವ್ಯಂಗ್ಯ ಕಾಣಿಸಿತು. ‘ದಯವಿಟ್ಟು ಮುಂದುವರಿಸಿ.’ ಈಗ ಅದರಲ್ಲಿ ಬೆದರಿಕೆ ಕಾಣಿಸಿತು.

ಕೊಕ್ಕರೆ ಟೀಮಿನ ಸ್ಥಿತಿಯೂ ಈಗ ನಿಚ್ಚಳವಾಯಿತು. ಹದಿನಾರು ಟೀಮುಗಳಲ್ಲಿ ಮೂರು ನಾಲ್ಕನೆಯದೆಂದು ಅವರು ನಂಬಿದ್ದ ಟೀಮು ಇದ್ದದ್ದು ಹದಿನಾಲ್ಕನೆಯ ಜಾಗದಲ್ಲಿ. ಕೊನೆಯ ಎರಡು ಟೀಮುಗಳು ಕೆಳಗಿನ ದರ್ಜೆಗೆ ಇಳಿಯಬೇಕು. ತಮ್ಮಂತೆಯೇ ಅದೂ ಅಂಚಿನಲ್ಲಿದೆ ಎಂದು ತಿಳಿದಾಗ ಅದರ ಮೇಲಿನ ಮಮತೆ ಇಮ್ಮಡಿಯಾಯಿತು.

ಅಕ್ಟೋಬರಿನಲ್ಲಿ ಕ್ರೇಗ್ ಬಂದ. “ಪಂಚಾ, ವೇ ಅಡಿಲೇಡಿಗೆ ಬರ್ತಿದಾನೆ. ಅಲ್ಲಿನ ನಮ್ಮ ವರ್ಕ್‌ಶಾಪ್‌ನಲ್ಲಿ ಬೆಲ್ಟ್ ನೋಡಿ ತೀರ್ಮಾನ ಹೇಳ್ತಾನಂತೆ. ನಿನ್ನ ಹೆಸರು ಹಿಡಿದು ಕೇಳಿದಾನೆ. ಆ ಫುಟ್‌ಬಾಲ್ ಮನುಷ್ಯನನ್ನ ತಪ್ಪದೆ ಕರ್ಕೊಂಡು ಬನ್ನಿ, ಒಬ್ಬನೇ ಸಿಗಬೇಕು ಅಂತ.”

“ಒಬ್ಬನೇ?”

“ಒಬ್ಬನೇ. ಏನು ಮೋಡಿ ಮಾಡಿದೀಯೋ ಮಾರಾಯ!” ಎಂದು ಕ್ರೇಗ್ ಬೆನ್ನು ತಟ್ಟಿದ. ಬಲಿಯ ಕುರಿಗೆ ಹೂವಿನ ಹಾರ ಹಾಕುವವರೂ ಹೀಗೆಯೇ ಬೆನ್ನು ತಟ್ಟುತ್ತಾರೆಂದು ಪಂಚಾಕ್ಷರಿಯವರಿಗೆ ಅನಿಸಿತು.

ಇಂದುಮತಿ ಸೂಟ್‌ಕೇಸಿಗೆ ಚಕ್ಕುಲಿ ಡಬ್ಬಿ ಇಟ್ಟಳು. “ಇದ್ದದ್ದನ್ನ ಇದ್ದ ಹಾಗೆ ಹೇಳ್ಬಿಡಿ. ಬಟ್ಟೆ ನೋಡಿ ಮೋಸ ಹೋದೆ ಅನ್ನಿ. ಯಾರಾದ್ರೂ ನಂಬ್ತಾರೆ. ಕೆಲಸ ಹೋದ್ರೆ ನೋಡ್ಕೊಳ್ಳೋಣ.”

*

ಅಡಿಲೇಡಿನ ಗಡಿಯಾರ ಆಗ ಪರ್ತ್‌ಗಿಂತ ಎರಡೂವರೆ ಗಂಟೆ ಮುಂದು. ಆ ಅರ್ಧ ಗಂಟೆ ಯಾವ ಪುರುಷಾರ್ಥಕ್ಕೆಂದು ಪಂಚಾಕ್ಷರಿಯವರಿಗೆ ಎಂದೂ ಅರ್ಥವಾಗಿರಲಿಲ್ಲ. ಲೀಗಿನ ಕೊನೆಯ ಪಂದ್ಯ ಚೀನಾದಲ್ಲಿ ಮಧ್ಯಾಹ್ನ ಎರಡೂವರೆಗೆ. ಇಲ್ಲಿ ಸರಿಯಾಗಿ ಐದಕ್ಕೆ. ಸೋತರೆ ಕೊಕ್ಕರೆ ಟೀಮು ಕೆಳಕ್ಕೆ, ಸಮ ಮಾಡಿಕೊಂಡರೆ ಉಳಿವು.

ಬೆಳಗ್ಗೆ ವರ್ಕ್‌ಶಾಪಿನಲ್ಲಿ ಬೆಲ್ಟ್ ಚೆನ್ನಾಗಿಯೇ ಓಡಿತು. ಮಿಸ್ಟರ್ ವೇ ತೀರ್ಮಾನ ಮಾತ್ರ ಹೇಳಲಿಲ್ಲ. ಸಣ್ಣ ಮೈಕಟ್ಟಿನ, ಕನ್ನಡಕದ, ಐವತ್ತರ ಆಸುಪಾಸಿನ ಮನುಷ್ಯ. ಐದಕ್ಕೆ ಹತ್ತು ನಿಮಿಷವಿದ್ದಾಗ ಹೋಟೆಲಿನ ತಮ್ಮ ಕೋಣೆಗೆ ಪಂಚಾಕ್ಷರಿಯವರನ್ನು ಕರೆದೊಯ್ದು, ಬಾಗಿಲು ಹಾಕಿ, ಲ್ಯಾಪ್‌ಟಾಪಿನಲ್ಲಿ ಪಂದ್ಯ ಹಚ್ಚಿದರು. ಒಂದು ಟೀಮು ಕೆಂಪು, ಒಂದು ಬಿಳಿ.

“ಮಿಸ್ಟರ್ ವೇ, ನಾನೊಂದು ತಪ್ಪೊಪ್ಪಿಗೆ...” ಎಂದು ಪಂಚಾಕ್ಷರಿಯವರು ಶುರು ಮಾಡಿದರು.

“ಮೊದಲು ನನ್ನದು,” ಎಂದರು ವೇ. ಕನ್ನಡಕ ತೆಗೆದು ಒರೆಸಿದರು. “ಇದರಲ್ಲಿ ನಮ್ಮವರು ಯಾರು?”

ಪಂಚಾಕ್ಷರಿಯವರು ಅವರನ್ನೇ ನೋಡಿದರು. ಇದೇ ಪ್ರಶ್ನೆಯನ್ನು ಇದೇ ಮುಖಭಾವದಲ್ಲಿ ಇಂದುಮತಿಯೂ ಕೇಳಿದ್ದಳು.

“ನನಗೆ ಫುಟ್‌ಬಾಲ್ ಗೊತ್ತಿಲ್ಲ ಮಿಸ್ಟರ್ ಪಂಚಾ. ಛೇರ್ಮನ್ ಒಮ್ಮೆ ಕೇಳಿದರು, ನಿನಗೆ ಇಷ್ಟವೇ ಅಂತ. ಛೇರ್ಮನ್‌ಗೆ ಇಲ್ಲ ಅನ್ನಲು ಆಗುತ್ತದೆಯೇ? ಆಮೇಲೆ ವಾರವಾರ ಅಭಿಪ್ರಾಯ ಬರೆದು ಕೊಡು ಅಂದರು. ಸಾಯುವ ಹಾಗಾಯಿತು. ಅಷ್ಟರಲ್ಲಿ ನಿಮ್ಮ ಮೇಲ್ ಬಂತು. ಅನುವಾದ ಮಾಡಿ, ನನ್ನ ಹೆಸರು ಹಾಕಿ ಕೊಟ್ಟೆ. ಎಲ್ಲವನ್ನೂ.”

“ಎಲ್ಲವನ್ನೂ? ಬಾಗಿಲು ಹಾಕುವುದನ್ನು ಮರೆತ ಮನೆಯನ್ನೂ?”

“ಅದೇ! ಛೇರ್ಮನ್ ಮೀಟಿಂಗಿನಲ್ಲಿ ಎದ್ದು ನಿಂತು ಓದಿದರು. ‘ಕಂಪನಿಯಲ್ಲಿ ಎಲ್ಲರೂ ನನ್ನ ಟೀಮನ್ನು ಹೊಗಳುವವರೇ. ಎದುರಾಳಿಯಲ್ಲಿ ಒಳ್ಳೆಯದನ್ನು ನೋಡಿ, ನಮ್ಮ ಹುಳುಕನ್ನು ಮುಖಕ್ಕೆ ಹೇಳುವ ಧೈರ್ಯ ಇರುವುದು ಇವನೊಬ್ಬನಿಗೆ’ ಅಂದರು. ಬಲಗಡೆಯ ಆಟಗಾರನನ್ನು ಬದಲಾಯಿಸಿದರು. ನನಗೆ ಬಡ್ತಿ ಸಿಕ್ಕಿತು. ಬರುವ ವರ್ಷ ಟೀಮಿನ ಸಲಹೆಗಾರನೂ ನಾನೇ.” ವೇ ಅವರ ಕಣ್ಣಲ್ಲಿ ನೀರಿತ್ತು. “ನಿಮ್ಮ ಕಾಂಟ್ರಾಕ್ಟ್‌ಗೆ ನಿನ್ನೆಯೇ ಸಹಿ ಹಾಕಿದ್ದೇನೆ. ಆದರೆ ದಯವಿಟ್ಟು ನೀವು ಬರೆಯುವುದನ್ನು ನಿಲ್ಲಿಸಬೇಡಿ. ಒಂದು ಅಕ್ಷರ ಬದಲಾಗಬಾರದು. ಅದೇ ಧಾಟಿ, ಅದೇ ಧೈರ್ಯ!”

ಆರು ಜನರ ನೌಕರಿ ಉಳಿದಿತ್ತು. ಪಂಚಾಕ್ಷರಿಯವರು ಸಂತೋಷದಿಂದ ಕುಣಿಯಬೇಕಿತ್ತು. ಅವರ ಬಾಯಿಂದ ಬಂದದ್ದು ಬೇರೆಯೇ ಮಾತು.

“ಹಾಗಾದ್ರೆ ಏಳನೇ ನಂಬರಿನ ಹುಡುಗನ ಕಾಲು ಉಳುಕಿದ್ದು ನಿಮಗೆ ಗೊತ್ತೇ ಇಲ್ವಾ?”

“ಯಾವ ಹುಡುಗ?” ಎಂದರು ವೇ.

ಪಂಚಾಕ್ಷರಿಯವರ ಮನಸ್ಸಿಗೆ ನೋವಾಯಿತು. ತಪ್ಪೊಪ್ಪಿಗೆಯನ್ನು ಅಲ್ಲಿಯೇ ನುಂಗಿಕೊಂಡು, ಕುರ್ಚಿ ಎಳೆದು ಪರದೆಯ ಮುಂದೆ ಕುಳಿತರು. ಎದುರಾಳಿ ಕೆಂಪಂಗಿಯವರು ಆಗಲೇ ಒಂದು ಗೋಲು ಮುಂದಿದ್ದರು. ಒಂದೂವರೆ ಗಂಟೆ ಚಕ್ಕುಲಿ ಮುರಿಯುವ ಸದ್ದು ಮಾತ್ರ. ಆಟ ಮುಗಿಯಲು ನಾಲ್ಕು ನಿಮಿಷವಿರುವಾಗ, ಬಿಳಿಯಂಗಿಯ ಬಲಗಡೆಯ ಹೊಸ ಹುಡುಗ ಗೆರೆಯುದ್ದಕ್ಕೂ ಓಡಿದ, ಸೀರೆಗೆ ಅಂಚು ಹೊಲಿದಂತೆಯೇ. ಅವನು ತಳ್ಳಿದ ಚೆಂಡನ್ನು ಏಳನೇ ನಂಬರಿನವನು, ಭುಜದವರೆಗೆ ಕೂದಲಿದ್ದ ಅಸಲಿ ಏಳನೇ ನಂಬರಿನವನು, ಬಲೆಗೆ ಸೇರಿಸಿದ.

ಪಂಚಾಕ್ಷರಿಯವರು ಹೋಟೆಲಿನ ಮಂಚದ ಮೇಲೆ ನಿಂತಿದ್ದರು.

“ಇದು ನಮಗೆ ಒಳ್ಳೆಯದೋ?” ಎಂದು ಕೆಳಗಿನಿಂದ ವೇ ಕೇಳಿದರು.

*

ಮರುವರ್ಷ ಮಾರ್ಚ್‌ನಲ್ಲಿ ಕ್ರೇಗ್ ಹಾಳೆ ಹಿಡಿದು ಬರುವ ಮೊದಲೇ ಪಂಚಾಕ್ಷರಿಯವರು ಅವನ ಮೇಜಿಗೆ ಹೋಗಿ ಮೊದಲ ಸಾಲಿನಲ್ಲಿ ಹೆಸರು ಬರೆದು ಬಂದರು. ಮೂರನೇ ಸೌಟಿನ ಹಿಡಿ ಬಿರುಕು ಬಿಟ್ಟಿದೆಯೆಂದು ಇಂದುಮತಿಯೂ ಹೇಳುತ್ತಿದ್ದಳು.

ಆ ಶನಿವಾರ ಏಳೂವರೆಗೆ ಕ್ಯಾಸಿಮಿರ್ ತನ್ನ ಜಾಗದಲ್ಲಿ ಬಂದು ಕುಳಿತ. ಆಟ ಹೊರ ಊರಿನಲ್ಲಿ. ಕೊಕ್ಕರೆಯವರು ಬಿಳಿ, ಎದುರಾಳಿಗಳು ಕೆಂಪು. ಪಂಚಾಕ್ಷರಿಯವರ ತೊಡೆಯ ಮೇಲೆ ನೋಟ್‌ಪುಸ್ತಕ. ಮೊದಲ ಸಾಲು ಆಗಲೇ ಬರೆದಾಗಿತ್ತು: ‘ಕೆಂಪಂಗಿಯವರ ನಡಿಗೆಯೇ ಒಂದು ಸೊಗಸು.’ ಬರೆಯುವಾಗ ಹಲ್ಲು ಕಚ್ಚಿದ್ದರು.

“ಇವತ್ತು ನಾವು ಯಾರ ಕಡೆ ಮಾರಾಯ್ರೆ?”

“ಆಫೀಸಿನ ಮಟ್ಟಿಗೆ ಕೆಂಪು.”

“ಮತ್ತೆ ಮನೆ ಮಟ್ಟಿಗೆ?”

ಪಂಚಾಕ್ಷರಿಯವರು ಆಚೀಚೆ ನೋಡಿ ಶರ್ಟಿನ ಮೇಲಿನ ಎರಡು ಗುಂಡಿ ಬಿಚ್ಚಿದರು. ಒಳಗೆ ವೇ ಕಳಿಸಿದ್ದ ಬಿಳಿಯ ಜೆರ್ಸಿ. ಎದೆಯ ಮೇಲೆ ಪುಟ್ಟ ಕೊಕ್ಕರೆ. ಕ್ಯಾಸಿಮಿರ್ ಗಂಭೀರವಾಗಿ ತಲೆದೂಗಿ, ಚಪ್ಪಾಳೆಗೆ ಸಿದ್ಧವಾಗಿದ್ದ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡ.

ಹನ್ನೊಂದನೆಯ ನಿಮಿಷಕ್ಕೆ ಬಿಳಿಯಂಗಿಯವರು ಗೋಲು ಹೊಡೆದರು. ನೋಟ್‌ಪುಸ್ತಕ ಒಂದು ಕಡೆ ಬಿತ್ತು, ಪೆನ್ನು ಇನ್ನೊಂದು ಕಡೆ. ಇಬ್ಬರು ಗಂಡಸರೂ ಸೋಫಾದ ಮೇಲಿದ್ದರು. ಬೇಲಿಯಾಚೆಯಿಂದ ಡೋರಿಸಳ ದನಿ ಬಂತು.

“ಇಂದುಮತೀ! ಪುನಃ ಜಗಳವಾ? ಕೇಕು ತರಲಾ?”

ಇಂದುಮತಿ ಅಡುಗೆಮನೆಯ ಕಿಟಕಿಯಿಂದ ಸೌಟು ಎತ್ತಿ ಹಿಡಿದು ಕೂಗಿದಳು:

“ತನ್ನಿ ಡೋರಿಸ್! ಸರಿಯಾದ ಕಡೆಗೇ ಕಿರುಚ್ತಿದಾರೆ!”